ಪಗಾರ ಕೇಳಿದ ಅಕ್ಕ

ಹೋದ ತಿಂಗಳು ನಾನು ಒಬ್ಬ ಅಕ್ಕನನ್ನು ಕಳೆದುಕೊಂಡೆ. ಗಾಬರಿಯಾಗಬೇಡಿ, ಆಕೆ ಗಟ್ಟಿಮುಟ್ಟಾಗಿಯೇ ಇದ್ದಾಳೆ. ಪಗಾರ ಕೇಳಿದಳು, ಅಷ್ಟೇ.

ಈ ಮರಾಠಿ ಊರಿನ ರಾಸ್ತಾ ಪೇಟೆಯ ನಮ್ಮ ಖಾನಾವಳಿ ನಿಮಗೆ ಗೊತ್ತೇ ಇದೆ. (ಅಲ್ಲಿಯ ಸಾರಿನ ಬಗ್ಗೆ ಇದೇ ಅಂಕಣದಲ್ಲಿ ಬರೆದು ಒಮ್ಮೆ ಉಪವಾಸ ಬಿದ್ದಿದ್ದೆ.) ಮಾಲೀಕರು ಗದಗಿನ ಕಡೆಯ ಮಹಾಲಿಂಗಪ್ಪನವರು. ರೊಟ್ಟಿ ಬಡಿಯುವವಳು ಅದೇ ಕಡೆಯ ನೀಲವ್ವ. ಗಂಡ ಸತ್ತ ಮೇಲೆ ಮಗಳನ್ನು ಊರಲ್ಲಿ ನಾದಿನಿಯ ಹತ್ತಿರ ಬಿಟ್ಟು ಬಂದವಳು. ಆಕೆಗೆ ಊಟ, ಸೀರೆ, ಮಲಗಲು ಅಡುಗೆಮನೆಯ ಮೂಲೆ, ಎಲೆ-ಅಡಿಕೆಗೆ ಸಾಲುವಷ್ಟು ಚಿಲ್ಲರೆ. ಮೇಲೆ ಬೋನಸ್ಸಾಗಿ ನಾವೆಲ್ಲ ಆಕೆಯನ್ನು "ಅಕ್ಕಾ" ಎನ್ನುತ್ತಿದ್ದೆವು.

ಅಂದು ಪೇಪರಿನಲ್ಲಿ ಕನಿಷ್ಠ ವೇತನದ ಮಸೂದೆಯ ಸುದ್ದಿ. ರೈಲ್ವೆ ಕ್ಲಾರ್ಕ್ ಪಾಟೀಲರು ಊಟದ ನಡುವೆಯೇ ಕೆರಳಿದರು.

"ದುಡಿಯೋ ಮಂದಿಗೆ ಹೊಟ್ಟಿ ತುಂಬೋವಷ್ಟರ ಪಗಾರ ಬ್ಯಾಡೇನ್ರಿ? ಈ ಮಿಲ್ ಮಾಲಕರು ರಕ್ತಾ ಹೀರ್ಲಿಕ್ಕೆ ಹತ್ಯಾರ!"

ಪಂಕ್ತಿಯೆಲ್ಲ ಹೌದ್ರಿ ಹೌದ್ರಿ ಎಂದಿತು. ನಾನಂತೂ ಪುಟ್ಟ ಭಾಷಣವನ್ನೇ ಬಿಗಿದೆ. ಅನ್ಯಾಯವನ್ನು ಖಂಡಿಸುವಾಗ ಹಸಿವೂ ಹೆಚ್ಚು, ನೋಡಿ. ರೊಟ್ಟಿ ಮೇಲೆ ರೊಟ್ಟಿ ಹಾಕಿಸಿಕೊಂಡೆ.

ಬಡಿಸುತ್ತಿದ್ದ ನೀಲವ್ವ ನಿಂತುಬಿಟ್ಟಳು.

"ಹಂಗಾರ ನನಗೂ ಪಗಾರ ಕೊಡಸ್ರಿ. ಒಂದು ಬಾಡಿಗಿ ಖೋಲಿ ಹಿಡದು ಮಗಳನ್ನ ಕರಕೊಂಡು ಬರ್ತೇನಿ. ಕೂಸು ನನ್ನ ಮಾರೀನ ಮರತದೋ ಏನೋ."

ಮಹಾಲಿಂಗಪ್ಪನವರ ಕಣ್ಣಲ್ಲಿ ನಿಜವಾಗಿಯೂ ನೀರು ಬಂತು. "ಎಂಥಾ ಮಾತಾಡ್ತೀ ಅಕ್ಕಾ? ನೀ ಏನು ಆಳೇನು? ಪಗಾರ ಕೊಟ್ಟು ನಿನ್ನ ಹೊರಗಿನಾಕಿ ಮಾಡ್ಲೇನು?" ಕಣ್ಣೊರೆಸಿಕೊಂಡು ನಮ್ಮ ಕಡೆ ತಿರುಗಿದರು. "ಮೊದಲs ರೇಷನ್ ಜ್ವಾಳ. ಪಗಾರ ಅಂತ ಹಚ್ಚಿದ್ರ ನಿಮ್ಮ ಊಟದ ದರಾನೂ ಏರಸಬೇಕಾಗ್ತದ. ನೀವs ಹೇಳ್ರಿ."

ಪಾಟೀಲರಿಗೆ ಥಟ್ಟನೆ ಜ್ಞಾನೋದಯವಾಯಿತು. "ಮಸೂದೆ ಇರೋದು ಕಾರಖಾನೆಗೆ ರೀ. ಅಕ್ಕ-ತಮ್ಮರ ನಡುವ ಕಾಯ್ದೆ ತರಬಾರದು!"

ನಾನು? ಮಜ್ಜಿಗೆ ಕುಡಿಯುತ್ತಿದ್ದೆ. (ಬಾಯಿ ತುಂಬಿರುವಾಗ ಮಾತಾಡಬಾರದೆಂದು ನಮ್ಮ ಮನೆಯಲ್ಲಿ ಕಲಿಸಿದ್ದಾರೆ.)

ನೀಲವ್ವ ಅಳಲಿಲ್ಲ, ರೇಗಲಿಲ್ಲ. "ಅಕ್ಕ ಆದ್ರ ನಾಗರಪಂಚಮಿಗೆ ತವರಿಗೆ ಕರದು ಉಂಡಿ ತಿನಸ್ತಾರ್ರಿ. ನಿಮ್ಮೆಲ್ಲಾರ ಉಂಡಿ ಕಟ್ಟಿದಾಕಿ ನಾನs" ಎಂದು ರೊಟ್ಟಿಯ ಬುಟ್ಟಿಯನ್ನು ಅಲ್ಲೇ ಇಟ್ಟು ಒಳಗೆ ಹೋದಳು. ಯಾರೂ ಮತ್ತೆ ರೊಟ್ಟಿ ಕೇಳಲಿಲ್ಲ.

ಮರುದಿನವೇ ಖಾನಾವಳಿ ಬಿಟ್ಟ ನೀಲವ್ವ ಈಗ ಭವಾನಿ ಪೇಟೆಯಲ್ಲಿ ಬೀಡಿ ಕಟ್ಟುತ್ತಿದ್ದಾಳೆ. ಅಲ್ಲಿ ಯಾರೂ ಆಕೆಯನ್ನು ಅಕ್ಕ ಎನ್ನುವುದಿಲ್ಲವಂತೆ. ಪಾಪ, ಬರೀ ಪಗಾರ ಕೊಡುತ್ತಾರಂತೆ! ಇನ್ನೊಬ್ಬ ಹೆಂಗಸಿನ ಜೊತೆ ಪಾಲಿನಲ್ಲಿ ಖೋಲಿ ಹಿಡಿದು, ಮಗಳನ್ನು ಕರೆತಂದಿದ್ದಾಳೆ. ಕೇಳಿ ನನಗೆ ತುಂಬ ಸಂತೋಷವಾಯಿತು. ಅದರಲ್ಲಿ ನನ್ನ ಭಾಷಣದ ಪಾಲೇನೂ ಇಲ್ಲ ಎಂಬುದು ಬೇರೆ ಮಾತು.

ನಮ್ಮ ಖಾನಾವಳಿಗೆ ಹೊಸಬರೊಬ್ಬರು ಬಂದಿದ್ದಾರೆ. ವಯಸ್ಸಾದವರು, ಕೈರುಚಿ ಚೆನ್ನಾಗಿದೆ. ಮೊನ್ನೆ ಮಹಾಲಿಂಗಪ್ಪನವರು ಪಂಕ್ತಿಯ ಮುಂದೆ ಕರೆತಂದು ನಿಲ್ಲಿಸಿ ಹೇಳಿದರು: "ಇನ್ನ ಮ್ಯಾಲೆ ಎಲ್ಲಾರೂ ಇವರಿಗೆ ಅವ್ವಾ ಅನ್ರಿ."

ಅಕ್ಕನಾದರೂ ಬಾಯಿಬಿಟ್ಟು ಕೇಳಿದಳು; ಪಗಾರ ಕೇಳಿದ ಅವ್ವನನ್ನು ನೀವು ಎಲ್ಲಾದರೂ ಕಂಡಿದ್ದೀರಾ?