ಬಿ ಸೈಡಿನ ಮಾಸ್ತರರು

ಮೊನ್ನೆ ಮುಂಬಯಿ ಹತ್ತಿರದ ಮಾಜಿವಾಡಾದ ದವಾಖಾನೆಯಲ್ಲಿ ಇಂಜೆಕ್ಷನ್ನಿಗೆ ಮೊದಲು ನರ್ಸ್ ನನ್ನ ತೋಳಿಗೆ ಸ್ಪಿರಿಟ್ಟಿನ ಹತ್ತಿ ಉಜ್ಜಿದಳು. ಸೂಜಿ ಚುಚ್ಚಿದ್ದು ಗೊತ್ತಾಗಲಿಲ್ಲ. ಆ ವಾಸನೆ ನನ್ನನ್ನು ಡೊಂಬಿವಲಿ ಸ್ಟೇಷನ್ ಹತ್ತಿರದ ನನ್ನ ಹಳೆಯ ಕ್ಯಾಸೆಟ್ ಅಂಗಡಿಗೆ ಕರೆದೊಯ್ದಿತ್ತು. ಅಲ್ಲಿ ಮಾಸ್ತರರು ಕಡ್ಡಿಗೆ ಹತ್ತಿ ಸುತ್ತಿ, ಸ್ಪಿರಿಟ್ಟಿನಲ್ಲಿ ಅದ್ದಿ, ಟೇಪ್ ರೆಕಾರ್ಡರಿನ ಹೆಡ್ ಒರೆಸುತ್ತ ಕುಳಿತಿದ್ದರು... ಮಗುವಿನ ಕಿವಿ ಒರೆಸುವ ಹಾಗೆ.

ಎಂಬತ್ತರ ದಶಕದ ಆರಂಭ. ಅವರು ಬಿಜಾಪುರದ ಕಡೆಯವರು. ಕಳವಾ ಎಂಬ ಕಡೆ ಒಂದು ಬಾಡಿಗೆ ಖೋಲಿ. ಮನೆಮನೆಗೆ ಹೋಗಿ ಹಾರ್ಮೋನಿಯಂ ಕಲಿಸುವುದು ಹೊಟ್ಟೆಪಾಡು. ಉಳಿದ ಹೊತ್ತೆಲ್ಲ ಹಳೆಯ ಸ್ಪೂಲ್ ಟೇಪ್ ಯಂತ್ರದ ಮುಂದೆ. ಲೋಕಲ್ ಗಾಡಿ ಖಾಡಿಯ, ಎಂದರೆ ಕಡಲ ಹಿನ್ನೀರಿನ, ಸೇತುವೆ ದಾಟುವ ಸದ್ದು, ಎಂಐಡಿಸಿ ಕಾರ್ಖಾನೆಗಳಲ್ಲಿ ಪಾಳಿ ಬದಲಾಗುವಾಗ ಕೂಗುವ ಭೋಂಗಾ, ತಮ್ಮದೇ ತಂಬೂರಿ, ಇವನ್ನೆಲ್ಲ ರೆಕಾರ್ಡ್ ಮಾಡಿ, ಟೇಪನ್ನು ಕತ್ತರಿಸಿ, ತುದಿಗೆ ತುದಿ ಅಂಟಿಸಿ ದೊಡ್ಡ ಬಳೆಯಂತೆ ಮಾಡುತ್ತಿದ್ದರು. ಆ ಬಳೆ ಯಂತ್ರದಿಂದ ಹೊರಟು, ಕುರ್ಚಿಯ ಕಾಲು ಸುತ್ತಿ, ಮತ್ತೆ ಯಂತ್ರಕ್ಕೆ ಬರುತ್ತಿತ್ತು. ಸದ್ದಿನ ಮೇಲೆ ಸದ್ದು ಕೂರುತ್ತ ಹೋಗುತ್ತಿತ್ತು. ಊರಿನವರ ಸಂಘವೊಂದರಲ್ಲಿ ಕೇಳಿಸಿದಾಗ, ಯಂತ್ರ ಕೆಟ್ಟಿದೆಯೆಂದು ಯಾರೋ ಎದ್ದು ಸ್ವಿಚ್ ಆರಿಸಿದ್ದರಂತೆ. ಯಾರಾದರೂ ಒಬ್ಬರು ಅದನ್ನು ಮೊದಲಿನಿಂದ ಕೊನೆಯವರೆಗೆ ಕೇಳಬೇಕು ಎಂಬುದಷ್ಟೇ ಅವರ ಆಸೆ.

ನಾನು ಉಡುಪಿ ಕಡೆಯಿಂದ ಬಂದು, ಹೋಟೆಲಿನಲ್ಲಿ ಟೇಬಲ್ ಒರೆಸಿ, ಅಂಗಡಿ ಹಾಕಿದವನು. ಅಂಗಡಿಯ ಹಿಂದೆ ಒಂದು ಕೋಣೆ. ಅಲ್ಲಿ ದುಬೈಯಿಂದ ಬಂದವರೊಬ್ಬರ ಹತ್ತಿರ ಚೌಕಾಸಿ ಮಾಡಿ ತಂದ ಎಲೆಕ್ಟ್ರಾನಿಕ್ ಕೀಬೋರ್ಡ್. ಗುಂಡಿ ಒತ್ತಿದರೆ ತಾನೇ ತಾಳ ಹಾಕುತ್ತಿತ್ತು. ರೀಮಿಕ್ಸ್ ಎಂಬ ಮಾತು ಆಗ ನಮ್ಮಲ್ಲಿರಲಿಲ್ಲ, 'ಬೀಟ್ ಹಾಕುವುದು' ಎನ್ನುತ್ತಿದ್ದೆವು. ಮಾಸ್ತರರ ಸೇತುವೆಯ ಸದ್ದು ಕೇಳಿದ ಕೂಡಲೇ ನನಗೆ ಹೊಳೆಯಿತು, ಇದಕ್ಕೆ ಬೀಟ್ ಹಾಕಿದರೆ ಗಣಪತಿ ಮೆರವಣಿಗೆಯಲ್ಲಿ ಜನ ಕುಣಿಯುತ್ತಾರೆ.

"ಮಾಸ್ತರೇ, ನಿಮ್ಮ ಸ್ಪೂಲ್ ಕೊಡಿ. ಜನ ಕೇಳುವ ಹಾಗೆ ಮಾಡಿ ಕೊಡ್ತೇನೆ."

"ಹಂಗಂದ್ರ ಈಗ ಕೇಳೋ ಹಂಗಿಲ್ಲಂದಂಗಾತು."

"ಉಂಟು, ಉಂಟು. ಆದ್ರೆ ಬರೀ ಕಷಾಯ ಯಾರು ಕುಡೀತಾರೆ ಮಾರಾಯ್ರೆ? ಸ್ವಲ್ಪ ಬೆಲ್ಲ ಬೇಡವಾ?"

"ಬೆಲ್ಲ ಹಾಕು ತಮ್ಮಾ. ಆದ್ರ ಇನ್ನೊಂದು ಲೋಟದಾಗ ನನ್ನ ಕಷಾಯ ಹಂಗ ಇಡು."

ಹಾಗೆ ಒಪ್ಪಂದವಾಯಿತು. ಎ ಸೈಡಿನಲ್ಲಿ ನನ್ನ ಬೀಟ್, ಬಿ ಸೈಡಿನಲ್ಲಿ ಅವರದು ಇದ್ದ ಹಾಗೆ. ವ್ಯಾಪಾರದಲ್ಲಿ ಎದುರಿನವನಿಗೆ ಯಾವುದು ಮುಖ್ಯವೋ ಅದನ್ನು ಬಿಟ್ಟುಕೊಡಿ, ಉಳಿದದ್ದೆಲ್ಲ ನಿಮ್ಮದೇ. ಇದು ನಾನು ಎಲ್ಲರಿಗೂ ಹೇಳುವ ಮಾತು.

ಎ ಸೈಡ್ ಓಡಿತು. ಮೆರವಣಿಗೆಯಲ್ಲಿ, ರಿಕ್ಷಾದಲ್ಲಿ, ನಮ್ಮವರ ಹೋಟೆಲುಗಳಲ್ಲಿ. ಮಾಸ್ತರರು ಸ್ಟೇಷನ್ ಎದುರಿನ ಹೋಟೆಲಿನಲ್ಲಿ ಒಂದು ಚಹಾ ಹಿಡಿದು, ಕ್ಯಾಸೆಟ್ಟನ್ನು ಯಾವಾಗ ತಿರುವಿಹಾಕುತ್ತಾರೋ ಎಂದು ಕಾಯುತ್ತಿದ್ದರು. ಗಲ್ಲಾಪೆಟ್ಟಿಗೆಯ ಮುಂದಿದ್ದವನು ಪ್ರತಿಸಲ ರಿವೈಂಡ್ ಒತ್ತುತ್ತಿದ್ದ.

"ಆ ಕಡಿ ಹಾಕ್ರಲ್ಲ," ಎಂದರಂತೆ ಒಮ್ಮೆ.

"ಆ ಬದಿ ಖಾಲಿ ಉಂಟು ಅಜ್ಜೇರೇ."

ಖಾಲಿ ಇರಲಿಲ್ಲ. ಮಾಸ್ತರರ ಸಂಗೀತ ಕೇಳಿಸಿಯೂ ಕೇಳಿಸದಷ್ಟು ಸಣ್ಣಗೆ ಶುರುವಾಗುತ್ತಿತ್ತು. ಸ್ವಲ್ಪ ಜೋರು ಮಾಡೋಣ ಎಂದು ನಾನು ಹೇಳಿದ್ದೆ. "ಬೆಳಗಾಗೋದನ್ನ ಜೋರು ಮಾಡ್ತಾರೇನೋ?" ಎಂದು ನಕ್ಕಿದ್ದರು. ಕ್ಯಾಸೆಟ್ಟಿನ ಬೆನ್ನಿಗೆ ಸಣ್ಣ ಪ್ಲಾಸ್ಟಿಕ್ ಚೂರುಗಳಿರುತ್ತಿದ್ದವು. ಮುರಿದರೆ ಮತ್ತೆ ರೆಕಾರ್ಡ್ ಆಗದು. ಸಣ್ಣ ಅಂಗಡಿಯವರು ಯಾರೂ ಮುರಿಯುತ್ತಿರಲಿಲ್ಲ, ಮಾರಾಟವಾಗದೆ ಉಳಿದದ್ದು ಬೇರೆ ಹಾಡಿಗಾಗುತ್ತಿತ್ತು. ಹೀಗಾಗಿ ಜನ ಬಿ ಸೈಡ್ ಖಾಲಿಯೆಂದುಕೊಂಡು ತಮ್ಮ ಮಾತು ತುಂಬಿಸತೊಡಗಿದರು. ಪತ್ರ ಬರೆಯಲು ಬಾರದವರು ಕ್ಯಾಸೆಟ್ಟಿನಲ್ಲಿ ಮಾತಾಡಿ ಊರಿಗೆ ಕಳಿಸುತ್ತಿದ್ದ ಕಾಲ ಅದು.

ಒಂದು ಸಂಜೆ ಗುಲ್ಬರ್ಗಾ ಕಡೆಯ ಹಮಾಲನೊಬ್ಬ ಬಂದ. ಮಾಸ್ತರರು ಸ್ಟೂಲಿನ ಮೇಲಿದ್ದರು.

"ಅಣ್ಣಾ, ಆ ಕುಣಿಯೋ ಕ್ಯಾಸೆಟ್ ಇನ್ನೊಂದು ಕೊಡ್ರಿ. ಒಂದು ಕಡಿ ಖಾಲಿ ಇರ್ತದಲ್ರೀ, ಅದು."

ನಾನು ಮಾಸ್ತರರ ಕಡೆ ನೋಡಲಿಲ್ಲ. "ಮೊದಲಿಂದು ಏನಾಯ್ತು?"

"ಅವ್ವಗ ಮಾತಾಡಿ ಕಳಿಸೀನ್ರಿ. ನನ್ನ ಮಾತು ಮುಗದ ಮ್ಯಾಲ ಏನೋ ಸಪ್ಪಳ ಬರ್ತದಂತ. ತಮ್ಮ ಬಂದ್ ಮಾಡಾಕ ಹೋದ್ರ ಅವ್ವ ಕೈ ಹಿಡೀತಾಳಂತ. ಇದು ಮಗ ಇರೋ ಊರು, ಪೂರಾ ಕೇಳೂನು ಅಂತಾಳಂತ."

ಮಾಸ್ತರರು ಎದ್ದು ನಿಂತರು. "ಕಡೀತನಾ ಕೇಳ್ತಾಳಂತೇನು?"

"ಹೌದ್ರೀ. ಟೇಪು ಟಕ್ ಅಂತ ತಾನಾ ನಿಂದ್ರೂತನಾ. ಮತ್ತ, ದಿನಾ ಹೊಳಿ ದಾಟಿ ಕೆಲಸಕ್ಕ ಹೋಗ್ತಿ ಏನು ಮಗನಾ ಅಂತ ಕೇಳಿ ಕಳಿಸ್ಯಾಳ. ನಾ ಹೊಳಿ ಸುದ್ದಿನಾ ಹೇಳಿಲ್ರಿ. ಆಕೀಗಿ ಹೆಂಗ ತಿಳೀತೋ ಏನೋ."

ಮಾಸ್ತರರು ಪಕ್ಕದ ಅಂಗಡಿಯಿಂದ ತಾವೇ ಚಹಾ ತಂದು ಅವನ ಕೈಗಿಟ್ಟು, ಅವನು ಕುಡಿದು ಮುಗಿಸುವವರೆಗೂ ಎದುರಿಗೆ ನಿಂತಿದ್ದರು. ಅವನು ಹೋದ ಮೇಲೆ ನನಗೆ ಹೇಳಿದರು: "ಮುಂದಿನ ಸಲ ಬಿ ಸೈಡ್ ಶುರುವಿಗೆ ಖರೇನ ಖಾಲಿ ಬಿಡು. ಮಂದಿ ಮಾತಾಡ್ಲಿ. ಆಮ್ಯಾಲ ನಂದು."

ಇದು ಎಂಥ ವ್ಯಾಪಾರ ಮಾಸ್ತರೇ ಎಂದು ವಾದಿಸಿದೆ. ಕೊನೆಗೆ ಹಾಗೆಯೇ ಮಾಡಿದೆ. ಅವು ಎಲ್ಲೆಲ್ಲಿಗೆ ಹೋದವೋ... ರಾಯಚೂರಿಗೆ, ಬಿಜಾಪುರಕ್ಕೆ, ಕೆಲವು ಉಡುಪಿಗೂ.

ಮರುವರ್ಷದ ಮಳೆಗಾಲದಲ್ಲಿ ಮಾಸ್ತರರು ಜ್ವರದಿಂದ ತೀರಿಕೊಂಡರು. ನನಗೆ ಸುದ್ದಿ ತಿಳಿಯುವಷ್ಟರಲ್ಲಿ ಖೋಲಿಯ ಮಾಲೀಕ ಬೇರೆಯವರಿಗೆ ಕೀಲಿ ಕೊಟ್ಟಾಗಿತ್ತು. ಸ್ಪೂಲುಗಳು ಗುಜರಿಗೆ ಹೋಗಿದ್ದವು. ಗುಜರಿಯವನಿಗೂ ನೆನಪಿರಲಿಲ್ಲ, ನನ್ನ ಅಂಗಡಿಯಲ್ಲಿ ಉಳಿದಿದ್ದ ಕ್ಯಾಸೆಟ್ಟುಗಳೂ ಬೇರೆ ಹಾಡಿಗಾಗಿದ್ದವು.

ನನ್ನ ಬೀಟ್ ಮಾತ್ರ ಕಾಪಿಯಾಗುತ್ತ ಉಳಿದಿದೆ, ಹೋದ ವರ್ಷ ಯಾರೋ ಮೊಬೈಲಿನಲ್ಲಿ ಕೇಳಿಸಿದರು. ಕಾಪಿ ಮಾಡುವವರು ಎ ಸೈಡನ್ನಷ್ಟೇ ಮಾಡುತ್ತಾರೆ. ನಾನು ಹಾಕಿದ ತಾಳದ ಅಡಿಯಲ್ಲಿ ಅವರ ಸೇತುವೆಯನ್ನು ಹುಡುಕುತ್ತೇನೆ. ನನ್ನ ಕೆಲಸ ಗಟ್ಟಿಯಾಗಿದೆ, ಒಳಗಿನದು ಸಿಗುವುದಿಲ್ಲ.

ಆದ್ದರಿಂದ ಒಂದು ಮಾತು, ಕಟ್ಟಕಡೆಯ ಸಲಹೆ ಎಂದಾದರೂ ತಿಳಿಯಿರಿ. ನಿಮ್ಮ ಮನೆಯಲ್ಲಿ ಮುಂಬಯಿಯಿಂದ ಬಂದ ಹಳೆಯ ಮಾತಿನ ಕ್ಯಾಸೆಟ್ ಇದ್ದರೆ, ಅಣ್ಣನದೋ ಅಪ್ಪನದೋ ದನಿ ಮುಗಿದ ಕೂಡಲೇ ನಿಲ್ಲಿಸಬೇಡಿ. ಸ್ವಲ್ಪ ಹೊತ್ತು ಏನೂ ಕೇಳಿಸದು. ಓಡಲು ಬಿಡಿ.