ಶಟರ್ ಎಳೆದ ಭಾನುವಾರ

ಶಿವಕುಮಾರಿಗೆ ಮುಚ್ಚಿದ ಬಾಗಿಲೆಂದರೆ ಜೀವ ಹೋದಂತಾಗುತ್ತಿತ್ತು. ಕಲಬುರಗಿ ಕಡೆಯಿಂದ ಕಟ್ಟಡದ ಕೆಲಸಕ್ಕೆ ಮುಂಬಯಿಗೆ ಬಂದ ತಂದೆತಾಯಿ, ಆರು ವರ್ಷದ ಅವಳನ್ನು ಸಿಮೆಂಟ್ ಮೂಟೆಗಳ ಕೋಣೆಯಲ್ಲಿ ಆಡಲು ಬಿಟ್ಟಿದ್ದರು. ಒಳಗೆ ಮಗು ಇದೆಯೆಂದು ತಿಳಿಯದೆ ಯಾರೋ ಬೀಗ ಜಡಿದರು. ಸಂಜೆ ಬಾಗಿಲು ತೆರೆದಾಗ ಅವಳ ಗಂಟಲಿನಿಂದ ಸ್ವರವೇ ಹೊರಡಲಿಲ್ಲ. ನಲವತ್ತೊಂದರ ವಯಸ್ಸಿನಲ್ಲೂ ಅವಳು ಲಿಫ್ಟ್ ಹತ್ತುತ್ತಿರಲಿಲ್ಲ.

ಕಾಂದಿವಲಿಯ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ಅವಳದು ಹೊಲಿಗೆ ಕೆಲಸ. ಅಲ್ಲಿಗೆ ಯಕ್ಷಿತಾ ಎಂಬ ಹುಡುಗಿ ಹನ್ನೆರಡು ನಿಲುವಂಗಿ ಹೊಲಿಸಲು ಬಂದಳು. ವಡಾಲದಲ್ಲಿ ಹೋಟೆಲ್ ನಡೆಸುವ ಉಡುಪಿ ಕಡೆಯವರ ಮಗಳು. ಅದೇ ಎಸ್ಟೇಟಿನಲ್ಲಿ ಗಾಳಾ ಎನ್ನುವ, ಶಟರ್ ಬಾಗಿಲಿನ ಖಾಲಿ ಮಳಿಗೆಯೊಂದರಲ್ಲಿ ಭಾನುವಾರ ಮಧ್ಯಾಹ್ನ ಅವಳು ಆಟ ಆಡಿಸುತ್ತಿದ್ದಳು. ಬಂದವರಿಗೆಲ್ಲ ಒಂದೊಂದು ಪಾತ್ರ. ಬರೆದಿಟ್ಟ ಮಾತಿಲ್ಲ, ನೋಡುವವರಿಲ್ಲ. ಮೂರು ಗಂಟೆ ಆ ಪಾತ್ರವಾಗಿಯೇ ಇರಬೇಕು.

“ನೀವು ಸಹ ಬನ್ನಿ ಅಕ್ಕ. ಆಕ್ಟಿಂಗ್ ಬರ್ಬೇಕಂತ ಇಲ್ಲ, ಬಿಂದಾಸ್ ಆಡೋದು.”

“ನನಗೇನ್ ತಿಳೀತದವಾ ಅದೆಲ್ಲ?” ಎಂದರೂ ಶಿವಕುಮಾರಿ ಹೋದಳು.

ಅಂದಿನ ಕಥೆ ಮುತ್ತಿಗೆಗೆ ಸಿಕ್ಕ ಕೋಟೆಯದು. ಅವಳು ಬಳೆಗಾರ್ತಿ. ಮೊದಲ ಗಂಟೆ ಚೌಕಾಸಿ ಮಾಡಿದಳು, ಸೈನಿಕನೊಬ್ಬನನ್ನು ಬೈದಳು. ಎಲ್ಲರೂ ತನ್ನ ಮಾತಿಗೆ ಕಿವಿಗೊಡುವುದು ಕಂಡು ಹಿಗ್ಗಿದಳು. ಅಷ್ಟರಲ್ಲಿ “ಶತ್ರು ಬಂದ!” ಎಂಬ ಕೂಗೆದ್ದಿತು. ಕಾವಲುಗಾರನಾಗಿದ್ದ ಪ್ರಶಾಂತ ಶಟರನ್ನು ಧಡಾರನೆ ಎಳೆದ.

ಕತ್ತಲು. ತಗಡಿನ ಸದ್ದು ಅವಳ ಎದೆಯೊಳಗೇ ಆದಂತಾಯಿತು.

“ಬಾಗ್ಲಾ ತೆಗೀರಿ! ಉಸ್ರ ನಿಂತದ!”

“ರಾಜಾಜ್ಞೆ! ತೆರೆಯುವಂತಿಲ್ಲ!” ಎಂದು ಪ್ರಶಾಂತ ಗದರಿದ.

ಅವಳು ಶಟರಿಗೆ ಗುದ್ದಿದಳು. “ಕ್ಯಾ ಆಕ್ಟಿಂಗ್ ಹೈ!” ಎಂದು ಯಾರೋ ಮೆಚ್ಚಿದರು. ಎಷ್ಟು ಚೀರಿದರೂ ಅದು ಆಟವೆಂದೇ ಇವರು ತಿಳಿಯುತ್ತಾರೆಂದು ಹೊಳೆದಾಗ ಅವಳ ಸ್ವರ ಉಡುಗಿತು. ಬೆರಳುಗಳು ಮಾತ್ರ ತಗಡನ್ನು ಪರಚುತ್ತಿದ್ದವು. ಯಕ್ಷಿತಾ ಟಾರ್ಚ್ ಬಿಟ್ಟಾಗ ಕಂಡದ್ದು ಆ ಉಗುರುಗಳ ರಕ್ತ.

“ಬಸ್! ಆಟ ಬಂದ್! ತೆಗಿ ಪ್ರಶಾಂತ!”

ಶಿವಕುಮಾರಿ ಚಪ್ಪಲಿ ಬಿಟ್ಟು ಓಡಿದಳು. ಮೂರು ವಾರ ಆ ಗಾಳಾದ ಮುಂದೆ ಹಾಯಲೂ ಇಲ್ಲ.

ಕೊನೆಗೆ ಯಕ್ಷಿತಾಳೇ ಬಂದು ಹೊಲಿಗೆ ಯಂತ್ರದ ಪಕ್ಕ ನಿಂತಳು. “ನಂದೇ ತಪ್ಪು ಅಕ್ಕ. ನಿಲ್ಸೋದು ಹೇಗೆ ಅಂತ ಹೇಳ್ಲೇ ಇಲ್ಲ. ನಿಮ್ಗೆ ಏನಾದ್ರೂ ಆಗಿದ್ರೆ? ನಂಗೆ ಅದೇ ಡರ್. ಎಲ್ಲ ಬಂದ್ ಮಾಡ್ತೇನೆ.”

“ಬಂದ್ ಮಾಡಬ್ಯಾಡ,” ಎಂದಳು ಶಿವಕುಮಾರಿ, ತನಗೇ ಅಚ್ಚರಿಯಾಗುವಂತೆ. “ಹೆದರ್ದವರಿಗಿ ಬಾಯಿ ಬರಂಗಿಲ್ಲ. ಬಾಯಿ ಇಲ್ದಾಂಗ ಹೇಳೋದು ಹೆಂಗ, ಅದನ್ನ ಮೊದ್ಲ ಕಲಿಸು.”

ಇಬ್ಬರೂ ಕೂತು ಗೊತ್ತುಮಾಡಿದರು. ಯಾರಾದರೂ ಎರಡೂ ಕೈ ತಲೆಯ ಮೇಲಿಟ್ಟರೆ ಆಟ ನಿಲ್ಲಬೇಕು, ಕಾರಣ ಕೇಳಬಾರದು. ಶಟರ್ ಪೂರ್ತಿ ಇಳಿಯಬಾರದು. ಪಾತ್ರವಿಲ್ಲದ ಒಬ್ಬರು ಬಾಗಿಲಲ್ಲಿ ಕೂತು ಮುಖಗಳನ್ನು ನೋಡುತ್ತಿರಬೇಕು. ಆ ಕೆಲಸವನ್ನು ಶಿವಕುಮಾರಿ ತಾನೇ ವಹಿಸಿಕೊಂಡಳು.

ಸುದ್ದಿ ಬಾಯಿಂದ ಬಾಯಿಗೆ ಹೋಗಿ, ವರ್ಷದೊಳಗೆ ದೂರದ ವಿಕ್ರೋಳಿಯಿಂದಲೂ ಜನ ಬರತೊಡಗಿದರು. ಆದರೂ ಶಿವಕುಮಾರಿ ಬಾಗಿಲು ದಾಟಿ ಒಳಗೆ ಕಾಲಿಡುತ್ತಿರಲಿಲ್ಲ.

ಒಂದು ದಿನ ಸದಾನಂದ ಎಂಬ ನಿವೃತ್ತ ಕ್ಯಾಶಿಯರ್ ಮೊದಲ ಬಾರಿ ಬಂದಿದ್ದರು. ಆಟದ ನಡುವೆ ಗಾಳಾದ ಹಿಂಬದಿಯ ಮೂಲೆಯಲ್ಲಿ ಕಲ್ಲಿನಂತೆ ನಿಂತುಬಿಟ್ಟರು. ಕೈ ಎತ್ತಲೂ ಆಗುತ್ತಿಲ್ಲವೆಂದು ಶಿವಕುಮಾರಿಗೆ ತಿಳಿಯಿತು. ಅಲ್ಲಿಗೆ ಹೋಗಬೇಕೆಂದರೆ ಬಾಗಿಲು ಬಿಡಬೇಕು. ಅವಳು ತನ್ನೆರಡೂ ಕೈಗಳನ್ನು ತಲೆಯ ಮೇಲಿಟ್ಟುಕೊಂಡು ಒಳಗೆ ನಡೆದಳು. ಗದ್ದಲ ತಟ್ಟನೆ ನಿಂತಿತು. ಜನ ಸರಿದು ದಾರಿ ಬಿಟ್ಟರು.

“ಹೊರಗ ಬರ್ರಿ ಕಾಕಾ.”

ಹೊರಗೆ ಮೆಟ್ಟಿಲ ಮೇಲೆ ನೀರು ಕುಡಿದು ಸದಾನಂದ, ಅವಳ ಕೈ ಇನ್ನೂ ತಲೆಯ ಮೇಲೇ ಇರುವುದನ್ನು ನೋಡಿದರು. “ನಿಮ್ಗೂ ಹೆದ್ರಿಕೆಯಾ?”

“ಹೌದ್ರಿ. ಭಾಳ.”

ಅವರು ಸ್ವಲ್ಪ ಸರಿದು ಅವಳಿಗೂ ಜಾಗ ಮಾಡಿಕೊಟ್ಟರು. ಮುಂದಿನ ಭಾನುವಾರ ಎಲ್ಲರಿಗಿಂತ ಮೊದಲು ಬಂದವರು ಅವರೇ.