ಕೊನೆಯ ತಟ್ಟೆ ಜನರಲ್ ಅಂಕಲ್‌ದು

ನಮ್ಮ ಪಕ್ಕದ ಬೀದಿಯ ಡಾಕ್ಟರ್ ಸುಲೋಚನಾ ಅವರ ತಂದೆ ಉಮಾಕಾಂತ ಭಾರತದ ಸೇನೆಯಲ್ಲಿ ಮೇಜರ್ ಜನರಲ್ ಆಗಿದ್ದವರು. ೧೯೭೭ರಲ್ಲಿ ನಿವೃತ್ತರಾಗಿ, ಈಗ ಮಗಳ ಜೊತೆ ಇಲ್ಲಿ, ಈ ಪರದೇಶದ ಮಾಡ್ಬರಿ ಊರಿನಲ್ಲಿದ್ದಾರೆ. ಮೈಸೂರಿನ ಸ್ಕೂಲ್ ಮೇಷ್ಟರ ಮಗ. ಬರ್ಮಾದ ಕಾಡು, ಕಾಶ್ಮೀರದ ಹಿಮ ಎರಡನ್ನೂ ಕಂಡವರು. ಆದರೆ ಯುದ್ಧದ ಕಥೆ ಕೇಳಿದರೆ ಅಡುಗೆಯ ಕಥೆ ಹೇಳುತ್ತಾರೆ. ಹಿಮದಲ್ಲಿ ಆಲೂಗೆಡ್ಡೆ ಕಲ್ಲಾದದ್ದು, ಸಿಪಾಯಿಗಳಿಗೆ ಬಡಿಸುವ ಮುನ್ನ ಆಫೀಸರ್ ಒಬ್ಬ ರುಚಿ ನೋಡಲೇಬೇಕಾದದ್ದು, ಎಲ್ಲರ ಊಟವಾದ ಮೇಲಷ್ಟೇ ತಾವು ತಟ್ಟೆ ಹಿಡಿಯುತ್ತಿದ್ದದ್ದು. ಆ ಕೊನೆಯ ಅಭ್ಯಾಸ ಇಲ್ಲಿಗೂ ಬಂದಿದೆ. ಜೊತೆಗೆ ಸಕ್ಕರೆ ಕಾಯಿಲೆಯೂ.

ಕಳೆದ ಭಾನುವಾರ ಪಾರ್ಕಿನಲ್ಲಿ ಕನ್ನಡದವರೆಲ್ಲ ಸೇರಿ ಬಾರ್ಬೆಕ್ಯೂ ಮಾಡಿದೆವು. ಅಂಕಲ್ ಇನ್ಸುಲಿನ್ ಚುಚ್ಚಿಕೊಂಡವರೇ ಇಕ್ಕುಳ ಹಿಡಿದು ನಿಂತರು; ಜೋಳದ ತೆನೆ ಸುಟ್ಟು ಒಬ್ಬೊಬ್ಬರಿಗೂ ಕೊಟ್ಟರು. ನಾನು ನನ್ನ ಪುಟ್ಟ ಮಗಳ ತಟ್ಟೆ ಒಡ್ಡಿದಾಗ ಅವರ ಕೈ ನಡುಗುತ್ತಿತ್ತು, ಅಂಗಿ ಬೆವರಿಗೆ ತೊಯ್ದಿತ್ತು. ಇಕ್ಕುಳ ಜಾರಿ ಬಿತ್ತು. ಸಕ್ಕರೆ ತೀರಾ ಇಳಿದಿದೆ ಅನ್ನಿಸಿ, ಬೆಂಚಿನ ಮೇಲೆ ಕೂರಿಸಿ, ಮಗಳ ಬಾಟಲಿಯಲ್ಲಿದ್ದ ಕಿತ್ತಳೆ ರಸ ಗುಟುಕು ಗುಟುಕಾಗಿ ಕುಡಿಸಿದೆ.

ಸುಲೋಚನಾ ಓಡಿ ಬಂದರು. "ಇನ್ಸುಲಿನ್ ತಗೊಂಡು ಹಸ್ಕೊಂಡ್ ನಿಂತಿದ್ದೀರಲ್ಲಪ್ಪಾ! ಜೀವ ಹೋಗ್ಬಿಡುತ್ತೆ!"

"ಕ್ಯೂನಲ್ಲಿ ಇನ್ನೂ ಇಬ್ರಿದ್ರಮ್ಮ" ಅಂದರು ಅಂಕಲ್, ಮೆಲ್ಲಗೆ.

ತಮಗೆ ಕಣ್ಣು ಕತ್ತಲಿಡುವಾಗಲೂ ಇವರು ನೋಡುತ್ತಿದ್ದದ್ದು ಬೇರೆಯವರ ಖಾಲಿ ತಟ್ಟೆ!

"ಇನ್ಮೇಲೆ ಮೊದ್ಲು ನೀವು ತಿನ್ಬೇಕು" ಎಂದು ಸುಲೋಚನಾ ಗದರಿದರೆ, "ಅದೊಂದು ನನ್ನ ಕೈಲಾಗಲ್ಲಮ್ಮ" ಅಂದುಬಿಟ್ಟರು. ಕೈಮುಗಿಯಬೇಕು ಅನ್ನಿಸಿತು. ಆದರೆ ಹೀಗೇ ಬಿಟ್ಟರೆ ಇವರು ನಮಗೆ ಉಳಿಯುವುದಿಲ್ಲ ಅಂತಲೂ ಅನ್ನಿಸಿತು.

ಇವತ್ತು ನಮ್ಮ ಮನೆಯಲ್ಲಿ ನನ್ನ ಮಗಳ ಹುಟ್ಟುಹಬ್ಬ; ಅಂಕಲ್ ಕೂಡ ಬಂದಿದ್ದರು. ಮಕ್ಕಳೆಲ್ಲ ತಟ್ಟೆ ಹಿಡಿದು ಬಂದರು. ನಾನು ಬಿಸಿಬೇಳೆಬಾತಿನ ಪಾತ್ರೆಯ ಮುಚ್ಚಳ ತೆಗೆಯಲಿಲ್ಲ.

"ಅಂಕಲ್, ಆಫೀಸರ್ ರುಚಿ ನೋಡ್ದೆ ಬಡಿಸೋ ಹಾಗಿಲ್ಲ. ನೀವೇ ಹೇಳಿದ್ದು."

ಅವರ ಮೀಸೆ ಅಲುಗಿತು. "ಅದಕ್ಕೆ ಒಂದು ಚಮಚ ಸಾಕು."

"ಪಾತ್ರೆ ದೊಡ್ಡದು ಅಂಕಲ್. ಮೇಲೊಂದು ರುಚಿ, ತಳದಲ್ಲೊಂದು ರುಚಿ ಇದ್ರೆ?" ಎಂದು ತಟ್ಟೆ ತುಂಬ ಬಡಿಸಿಟ್ಟೆ.

"ಸುತ್ತುವರಿದ್ಬಿಟ್ಯಲ್ಲಮ್ಮ!" ಎಂದು ನಗುತ್ತಾ ಕುಳಿತರು.

"ಮಮ್ಮಿ, ಐ ಆಮ್ ಹಂಗ್ರಿ" ಅಂದಳು ಮಗಳು.

"ಇರು ಪುಟ್ಟಿ, ಜನರಲ್ ತಾತ ಇನ್ನೂ ರುಚಿ ನೋಡ್ತಿದ್ದಾರೆ."

ತಟ್ಟೆ ಖಾಲಿಯಾದ ಮೇಲೆ ತೀರ್ಪು ಬಂತು: "ಉಪ್ಪು ಚೂರು ಕಮ್ಮಿ. ಪರ್ವಾಗಿಲ್ಲ, ಬಡ್ಸೋಣ."

ಎದ್ದು ಬಂದು ನನ್ನ ಕೈಯಿಂದ ಸೌಟು ತೆಗೆದುಕೊಂಡರು.